ಎರಡನೇ ಮಂಜು

ಹೋವಾನಿಬ್ ಒಣಹೊಳೆಯ ದಂಡೆಯಲ್ಲಿ ಡೇರೆ ಹಾಕಲು ಬಂದವರಿಗೆ ಹೆಲ್ಮಿನಾ ಮೊದಲ ದಿನವೇ ಎರಡು ಮಾತು ಹೇಳುತ್ತಿದ್ದಳು. ಚಪ್ಪಲಿ ಹೊರಗೆ ಬಿಡಬೇಡಿ, ಕತ್ತೆಕಿರುಬ ಕಚ್ಚಿಕೊಂಡು ಹೋಗುತ್ತದೆ. ಹಣ್ಣು ಡೇರೆಯೊಳಗೆ ಇಟ್ಟುಕೊಳ್ಳಬೇಡಿ, ಆನೆ ಒಳಗೇ ಬರುತ್ತದೆ. ಕೇಳಿದವರು ಕಿಸಕ್ಕನೆ ನಕ್ಕು ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಹೆದರಿಕೊಳ್ಳಲು ಬರುವ ಜನ. ಅವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಬಾಯಿ ನೋಯುವವರೆಗೆ ಹೇಳುತ್ತಿದ್ದಳು.

ಐವತ್ತೆಂಟು ದಾಟಿದ ಹೆಂಗಸು, ಸೆಸ್‌ಫಾಂಟೇನ್ ಊರಿನ ದಾಮರ ಜನದವಳು. ಗಂಡ ಗೊಟ್‌ಹಾರ್ಡ್ ಕ್ಷಯದಲ್ಲಿ ತೀರಿಕೊಂಡ ಮೇಲೆ ಅಣ್ಣ ಟಿಮೋಥಿಯಸ್ ಅವಳನ್ನು ಶಿಬಿರಕ್ಕೆ ಅಡುಗೆಯವಳಾಗಿ ಕರೆತಂದ. ಅದಾಗಿ ಹನ್ನೆರಡು ವರ್ಷ. ಊರಿಂದ ಜೀಪಿನಲ್ಲಿ ಅರ್ಧ ದಿನದ ದಾರಿ. ಆ ಕಡೆ ಕಲ್ಲು, ಈ ಕಡೆ ಮರಳು, ನಡುವೆ ನೀರಿಲ್ಲದ ಹೊಳೆ. ಹೊಳೆಯ ಮರಗಳ ನೆರಳಿಗೆ ಆನೆ ಬರುತ್ತದೆ, ಆನೆ ತೋಡಿದ ಗುಂಡಿಯ ನೀರಿಗೆ ಜಿಂಕೆ ಬರುತ್ತದೆ, ಜಿಂಕೆಯ ಹಿಂದೆ ಸಿಂಹ ಬರುತ್ತದೆ, ಇವನ್ನೆಲ್ಲ ನೋಡಲು ಟೋಪಿ ಹಾಕಿಕೊಂಡವರು ಬರುತ್ತಾರೆ. ಎಲ್ಲಿ ಡೇರೆ ಹೊಡೆಯಬೇಕು, ಎಲ್ಲಿ ಕಾಲಿಡಬಾರದು ಎಂದು ತೀರ್ಮಾನಿಸುವವನು ಟಿಮೋಥಿಯಸ್. ಅವನು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ಟಿಮೋಥಿಯಸ್ ಹೆಜ್ಜೆ ಓದುವವನು. ನಮ್ಮ ಕಡೆ ಹೆಜ್ಜೆ ಓದಲು ಬಾರದವರು ಯಾರೂ ಇಲ್ಲ, ಆದರೆ ಅವನಷ್ಟು ಬಲ್ಲವರೂ ಇರಲಿಲ್ಲ. ಬಲಗಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಯಾರಾದರೂ ಆ ಮಾತೆತ್ತಿದರೆ, "ಕಣ್ಣು ಮೋಸ ಮಾಡುತ್ತೆ ಕಣ್ರೋ, ಬೆರಳು ಮಾಡಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಅದು ಬಡಾಯಿಯಲ್ಲ. ಕಡಲ ಕಡೆಯಿಂದ ರಾತ್ರಿ ಮಂಜು ಹರಿದು ಬಂದಾಗ ಮರಳಿನ ಮೇಲ್ಮೈ ಒದ್ದೆಯಾಗಿ, ಒಣಗುವಾಗ ಹಾಲಿನ ಕೆನೆಯಷ್ಟು ತೆಳುವಾದ ಹೆಪ್ಪು ಕಟ್ಟುತ್ತದೆ. ಪ್ರಾಣಿ ಮಂಜಿಗೆ ಮೊದಲು ಹಾದು ಹೋಗಿದ್ದರೆ ಹೆಜ್ಜೆಯ ಒಳಗೂ ಹೆಪ್ಪು ಇರುತ್ತದೆ. ಮಂಜಿನ ನಂತರ ಹೋಗಿದ್ದರೆ ಹೆಪ್ಪು ಒಡೆದು ಒಳಗೆ ಹುಡಿ ಮರಳು ಸಿಗುತ್ತದೆ. ಟಿಮೋಥಿಯಸ್ ಮಂಡಿಯೂರಿ ತೋರುಬೆರಳನ್ನು ಹೆಜ್ಜೆಯೊಳಗೆ ಇಳಿಸಿ, ಮಗುವಿನ ಕೆನ್ನೆ ಮುಟ್ಟುವವನಂತೆ ಒಮ್ಮೆ ಸವರಿ, ಇಷ್ಟು ಹೊತ್ತಿನದು ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಬೆರಳು ತಪ್ಪಿದ್ದಿಲ್ಲ.

ಆದರೆ ಬೆರಳಿಗೆ ಒಂದು ಸಂಗತಿ ಗೊತ್ತಿರಲೇಬೇಕು: ಮಂಜು ಯಾವಾಗ ಬಂತು, ಯಾವಾಗ ಹೋಯಿತು. ನಿದ್ದೆ ಹೋದವನಿಗೆ ಅದು ಹೇಗೆ ತಿಳಿಯಬೇಕು? ಅದಕ್ಕೇ ಆ ಮನೆಯಲ್ಲಿ ರಾತ್ರಿ ಒಪ್ಪಿಸುವ ಪದ್ಧತಿ ಇತ್ತು. ಅವರಪ್ಪ ಮೇಕೆ ಹಿಂಡು ಹೊಡೆದುಕೊಂಡು ಹೊಳೆಯ ಕೆಳಗೆ ಬೀಡು ಬಿಡುತ್ತಿದ್ದ ಕಾಲದಿಂದ ಬಂದದ್ದು. ಮೊದಲು ಎದ್ದವರು ಆಮೇಲೆ ಎದ್ದವರಿಗೆ ಚಹಾ ಕೊಡುವ ಮುಂಚೆ ರಾತ್ರಿಯನ್ನು ಒಪ್ಪಿಸಬೇಕು. ಗಾಳಿ, ಮಂಜು, ಕೂಗು, ಕೆಮ್ಮು, ನಾಯಿ ಬೊಗಳಿದ್ದು, ಎಲ್ಲ. ಹೇಳುವಂಥದ್ದು ಏನೂ ಇಲ್ಲದಿದ್ದರೆ "ರಾತ್ರಿ ಖಾಲಿ" ಅನ್ನಬೇಕು. ಶಿಬಿರದಲ್ಲಿ ಮೊದಲು ಏಳುವವಳು ಹೆಲ್ಮಿನಾ. ಬೆಳ್ಳಿ ಮೂಡುವ ಮುಂಚೆ ಎದ್ದು ಕಬ್ಬಿಣದ ಪಾತ್ರೆಯಲ್ಲಿ, ಬೇಯಲು ಗಂಟೆ ಹಿಡಿಯುವ ದಪ್ಪ ರೊಟ್ಟಿಯ ಹಿಟ್ಟು ತುಂಬಿ ಕೆಂಡದ ಮೇಲಿಡಬೇಕು. ಅಣ್ಣ ಹೊತ್ತು ಮೂಡಿದ ಮೇಲೆ ಬರುತ್ತಿದ್ದ, ಲೋಟ ಮುಂದೆ ಚಾಚುತ್ತಿದ್ದ.

"ಹೇಳು."

"ನೀನು ಮಲಗಿದ ಮೇಲೆ ಗಾಳಿ ತಿರುಗ್ತು. ಮಂಜು ಚಿಕ್ಕದು, ಕೋಳಿ ಕೂಗೋ ಹೊತ್ತಿಗೆಲ್ಲ ಹೋಯ್ತು. ಮೂಡಲ ಕಡೆ ಒಂದು ಸಿಂಹ ಎರಡು ಸಲ ಕೂಗ್ತು, ದೂರ."

"ಕೋಳಿ ಎಲ್ಲಿದೆ ಇಲ್ಲಿ?"

"ನನ್ನ ಹೊಟ್ಟೇಲಿ ಕೂಗುತ್ತೆ. ಚಹಾ ಕುಡಿ."

ಹೀಗೆ ಹನ್ನೆರಡು ವರ್ಷ, ಅದಕ್ಕೂ ಮೊದಲು ಮೇಕೆ ಬೀಡಿನಲ್ಲಿ ಅಷ್ಟೇ ವರ್ಷ.

ಆ ಆಗಸ್ಟಿನಲ್ಲಿ ಆರು ಜನ ಬಂದಿದ್ದರು. ಜೀಪು ಓಡಿಸುವವನು ವೆಟಾಮುನಾ, ಹೆರೆರೊ ಜನದವನು, ನಲವತ್ತರ ಗಂಡಸು, ಮೂರು ಮಕ್ಕಳ ತಂದೆ. ಬಾಯಿ ಬಿಟ್ಟರೆ ತಮಾಷೆ. ಸಂಜೆ ಊಟದ ಹೊತ್ತಿಗೆ ಟಿಮೋಥಿಯಸ್ ನಮ್ಮ ಮಾತಿನಲ್ಲಿ ಕಥೆ ಹೇಳುವುದು, ವೆಟಾಮುನಾ ಅದಕ್ಕೆ ಉಪ್ಪು ಖಾರ ಹಚ್ಚಿ ಬಂದವರಿಗೆ ಅವರ ಮಾತಿನಲ್ಲಿ ದಾಟಿಸುವುದು ವಾಡಿಕೆ. ಅವತ್ತು ಟಿಮೋಥಿಯಸ್ ತಂಗಿಯ ಗಂಡನ ಕಥೆ ತೆಗೆದ.

"ಇವಳ ಗಂಡ ಗೊಟ್‌ಹಾರ್ಡ್ ನೀರಿನ ಪಂಪು ರಿಪೇರಿಗೆ ಹೋಗಿದ್ದ. ಆನೆ ಬಂತು. ಓಡಿದ ನೋಡಿ! ಪ್ಯಾಂಟು ಮುಳ್ಳುಬೇಲಿಗೆ ಸಿಕ್ಕಾಕ್ಕೊಳ್ತು. ಇವನು ಪ್ಯಾಂಟು ಅಲ್ಲೇ ಬಿಟ್ಟು ಊರೊಳಗೆ ಬಂದ. ಭಾನುವಾರ! ಜನ ಎಲ್ಲ ಚರ್ಚಿಂದ ಆಚೆ ಬರ್ತಾ ಇದ್ರು!"

ನಡೆದದ್ದೇ. ಊರಿಗೆಲ್ಲ ಗೊತ್ತಿದ್ದದ್ದೇ. ಗೊಟ್‌ಹಾರ್ಡ್ ಬದುಕಿದ್ದಾಗ ತಾನೇ ಹೇಳಿಕೊಂಡು ನಗುತ್ತಿದ್ದ. ಆದರೆ ವೆಟಾಮುನಾ ಎದ್ದು ನಿಂತು, ಎರಡೂ ಕೈಯಿಂದ ಮುಂದೆ ಮುಚ್ಚಿಕೊಂಡು ಬೆಂಕಿಯ ಸುತ್ತ ಓಡಿ ತೋರಿಸಿದ. ಬಂದವರಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಜಾರಿದ. ಹೆಲ್ಮಿನಾ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ಕೊನೆಯ ಎರಡು ವರ್ಷ ರಕ್ತ ಕಾರುತ್ತಾ ಮಲಗಿದ್ದ ಗಂಡನ ಮುಖ ಅವಳಿಗೆ ನೆನಪಾಯಿತು. ಸತ್ತವನು ಎದ್ದು ಬಂದು ಇವರ ಜೊತೆ ನಗಲಾರ, ಸಾಕು ಎನ್ನಲೂ ಆರ.

"ಅವರು ಸತ್ತು ಮಣ್ಣಾಗಿದ್ದಾರೆ ಅಣ್ಣ. ಅವರ ಹೆಸರು ಇಟ್ಕೊಂಡು ಯಾರನ್ನೋ ಯಾಕೆ ನಗಿಸ್ತೀಯ?"

"ಅಯ್ಯೋ, ಏನೇ ಇದು! ನಗ್ತಾ ನಗ್ತಾ ಹೇಳಿದ್ದಕ್ಕೆ ಅಳ್ತಾಳೆ ನೋಡು. ಅವನಿದ್ದಿದ್ರೆ ಅವನೇ ಓಡಿ ತೋರಿಸ್ತಿದ್ದ."

"ಅಕ್ಕ, ಬೇಜಾರು ಮಾಡ್ಕೋಬೇಡ," ಎಂದ ವೆಟಾಮುನಾ. "ನಾಳೆ ನಾನೇ ಹೊಳೇಲಿ ಗುಂಡಿ ತೋಡಿ ನಿನಗೆ ನೀರು ತರ್ತೀನಿ. ದಂಡ ಕಟ್ದಂಗೆ."

ಹೆಲ್ಮಿನಾ ಮುಖ ಗಂಟಿಕ್ಕಿಕೊಂಡು ಮಲಗಲು ಹೋದಳು. ಟಿಮೋಥಿಯಸ್ ಮಲಗುವ ಹೊತ್ತಿಗೆ ಮಂಜು ಬಂದು ಅವನ ಮುಖಕ್ಕೆ ತಾಗುತ್ತಿತ್ತು. ಆ ಮಂಜು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಅವಳು ಎದ್ದಾಗ ಆಕಾಶ ತೊಳೆದಂತಿತ್ತು, ಮಂಜಿನ ಸುಳಿವಿರಲಿಲ್ಲ. ಹಿಟ್ಟು ನಾದಿ, ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದಳು. ಅಷ್ಟರಲ್ಲಿ ಮತ್ತೆ ಮಂಜು ಬಂತು. ಒಂದೇ ರಾತ್ರಿ ಎರಡು ಸಲ ಮಂಜು ಬರುವುದು ಅವಳು ತನ್ನ ಆಯುಷ್ಯದಲ್ಲಿ ಮೂರೋ ನಾಲ್ಕೋ ಸಲ ಕಂಡಿದ್ದಳು. ಬಂದದ್ದು ನೆಲ ಹಿಡಿದು ಬಂತು, ಮೊಣಕಾಲೆತ್ತರ. ಸೌದೆಯ ಮೇಲೆ ಹನಿ ನಿಂತಿತು, ಊದಿ ಊದಿ ಅವಳ ಎದೆ ಬಿದ್ದುಹೋಯಿತು. ರೊಟ್ಟಿ ಬೆಂದು ಪಾತ್ರೆ ಇಳಿಸುವ ಹೊತ್ತಿಗೆ ಮಂಜು ಬಂದ ದಾರಿಯಲ್ಲೇ ಹಿಂದೆ ಸರಿದು ಹೋಗಿತ್ತು.

ಹೊತ್ತು ಮೂಡಿತು. ಟಿಮೋಥಿಯಸ್ ಬಂದ, ಲೋಟ ಚಾಚಿದ.

"ಹೇಳು."

ಹೆಲ್ಮಿನಾ ಅವನ ಮುಖ ನೋಡಲಿಲ್ಲ. "ರಾತ್ರಿ ಖಾಲಿ" ಎಂದಳು. ಚಹಾ ಬಗ್ಗಿಸಿ, ಅವನಿಗೆ ಬೇಕಾದ ಮೂರು ಚಮಚ ಸಕ್ಕರೆಯ ಬದಲು ಒಂದೇ ಚಮಚ ಹಾಕಿ ಕೊಟ್ಟಳು. ಕೋಪ ತೋರಿಸಲು ಆ ಹೊತ್ತಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಅಷ್ಟೇ, ಒಂದು ಸಕ್ಕರೆ, ಇನ್ನೊಂದು ರಾತ್ರಿ. ಟಿಮೋಥಿಯಸ್ ಸಪ್ಪೆ ಚಹಾ ಕುಡಿದು, ಹೊಳೆಯ ಕಡೆ ಹೋದ.

ಡೇರೆಗಳಿಂದ ಇನ್ನೂರು ಹೆಜ್ಜೆ ದೂರದಲ್ಲಿ ಅವನಿಗೆ ಹೆಣ್ಣು ಸಿಂಹದ ಹೆಜ್ಜೆ ಸಿಕ್ಕಿತು. ಮಂಡಿಯೂರಿದ. ಬೆರಳು ಇಳಿಸಿದ. ಒಳಗೆ ಹೆಪ್ಪು ಕಟ್ಟಿತ್ತು. ಹೆಜ್ಜೆಯ ಸುತ್ತ ಒಡೆದಿದ್ದ ಅಂಚನ್ನು ಎರಡನೇ ಮಂಜು ಮೆತ್ತಿ ನುಣ್ಣಗೆ ಮಾಡಿತ್ತು. ಎರಡನೆಯದು ಬಂದಿತ್ತೆಂದು ಗೊತ್ತಿರದ ಬೆರಳು ಏನು ಹೇಳಬೇಕೋ ಅದನ್ನೇ ಹೇಳಿತು.

ವೆಟಾಮುನಾ ಸಲಿಕೆ, ಎರಡು ಬಕೆಟ್ಟು ಹಿಡಿದುಕೊಂಡು ನಿಂತಿದ್ದ. "ಏನಣ್ಣ, ಹೋಗ್ಲಾ?"

"ಮಂಜಿಗೆ ಮುಂಚಿಂದು. ನಿನ್ನೆ ಸಂಜೆ ದಾಟಿದೆ, ಇಷ್ಟೊತ್ತಿಗೆ ಮೇಲ್ಗಡೆ ಕಲ್ಲುಗಳ ಹತ್ರ ಇರುತ್ತೆ. ಹೋಗು, ಮಾಡಿದ ತಪ್ಪಿಗೆ ನೀರು ಹೊತ್ಕೊಂಬಾ."

ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಹೆಲ್ಮಿನಾಳಿಗೆ ಒಂದೊಂದು ಮಾತೂ ಕೇಳಿಸಿತು. ಮಂಜಿಗೆ ಮುಂಚಿನದು ಎಂಬ ಮಾತು ಕಿವಿಗೆ ಬಿದ್ದೊಡನೆ, ಯಾವ ಮಂಜಿಗೆ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂತು. ಈಗ ಬಾಯಿ ಬಿಟ್ಟರೆ ಮುನಿಸು ಮುರಿದಂತೆ. ಅಣ್ಣ ಬಂದು ಸಕ್ಕರೆ ಕೇಳಲಿ, ಆಗ ಹೇಳಿದರಾಯಿತು. ಡೇರೆಯವರಲ್ಲಿ ಒಬ್ಬ ಬಿಸಿನೀರು ಕೇಳಿಕೊಂಡು ಬಂದ, ಅವಳು ಕೊಡಲು ತಿರುಗಿದಳು. ವೆಟಾಮುನಾ ಸಿಳ್ಳೆ ಹಾಕಿಕೊಂಡು ದಂಡೆ ಇಳಿದು ಹೋದ.

ಸಿಳ್ಳೆ ನಿಂತಿತು. ಬಕೆಟ್ಟು ಕಲ್ಲಿಗೆ ಬಡಿದ ಸದ್ದು. ಆಮೇಲೆ ಕೇಳಿದ ಕೂಗು ಮನುಷ್ಯನದು ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಡೇರೆಗಳ ಹತ್ತಿರ ಬಂದಿದ್ದ ಟಿಮೋಥಿಯಸ್ ಬಾಣಲೆ ಎತ್ತಿಕೊಂಡು ಬಡಿಯುತ್ತಾ, ಅರಚುತ್ತಾ, ಕಾಣದ ಕಣ್ಣಿನಲ್ಲಿ ಎಡವುತ್ತಾ ಓಡಿದ. ಸಿಂಹಿಣಿ ನೀರಿನ ಗುಂಡಿಯ ಪಕ್ಕದ ದಟ್ಟ ಪೊದೆಯಲ್ಲಿ ಎರಡು ಮರಿಗಳೊಂದಿಗೆ ಮಲಗಿತ್ತು. ವೆಟಾಮುನಾನನ್ನು ಒಮ್ಮೆ ಹಿಡಿದು, ಬಿಟ್ಟು, ಮರಿಗಳನ್ನು ಮುಂದೆ ಮಾಡಿಕೊಂಡು ಹೋಗಿತ್ತು. ಹಸಿವೆಗೆ ಹಿಡಿದದ್ದಲ್ಲ. ಕುತ್ತಿಗೆ ಹರಿದಿತ್ತು. ಬಂದವರ ಡೇರೆಯ ಬಟ್ಟೆಗಳನ್ನೆಲ್ಲ ತಂದು ಒತ್ತಿದರು. ವೆಟಾಮುನಾ ಏನೋ ಹೇಳಲು ಹೋದ, ಗಾಳಿ ಮಾತ್ರ ಬಂತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು ಹೆಲ್ಮಿನಾ. ಬಿಸಿಲು ಏರುವ ಮುಂಚೆ ಅವನ ಜೀವ ಹೋಯಿತು.

ಮಾರನೆಯ ದಿನ ಸರಕಾರದ ಬೇಟೆಯವರು ಬಂದು ಸಿಂಹಿಣಿಯನ್ನು ಹೊಡೆದರು. ಮರಿಗಳು ತಾವಾಗಿ ಉಳಿಯಲಾರವೆಂದು ಅವನ್ನೂ ಹೊಡೆದರು. ಅವರಲ್ಲಿ ದೊಡ್ಡವನೊಬ್ಬ ಟಿಮೋಥಿಯಸ್ಸನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದ, "ಅಜ್ಜ, ಹೆಜ್ಜೆ ಎಷ್ಟು ಹೊತ್ತಿಂದು ಅಂದಿದ್ರಿ?"

"ಹಿಂದಿನ ಸಂಜೇದು."

"ಬೆಳಗಿನ ಜಾವದ್ದು ಅಜ್ಜ. ಪೊದೆಯೊಳಗೆ ಮಲಗಿದ್ದ ಜಾಗ, ಹಿಕ್ಕೆ, ಎಲ್ಲ ಹೊಸದು. ಕಣ್ಣು ತೋರಿಸಿಕೊಂಡಿದ್ದೀರಾ?"

ಟಿಮೋಥಿಯಸ್ ತೋರುಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡ, ಯಾರದೋ ಬೆರಳು ನೋಡುವವನಂತೆ. ಹೆಲ್ಮಿನಾ ಎರಡು ಮಾರು ದೂರದಲ್ಲಿ ಪಾತ್ರೆ ಕಟ್ಟುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವಳು ಹಗ್ಗ ಬಿಗಿದಳು.

ಯಾಕೆ ಹೇಳಲಿಲ್ಲವೆಂದು ಕೇಳುವವರು ತಮ್ಮ ಎದೆ ಮುಟ್ಟಿಕೊಂಡು ಕೇಳಲಿ. ಮೊದಲ ದಿನ ಭಯ. ಎರಡನೇ ದಿನ ಹೆಣದ ಮುಂದೆ ಓಟಿಲಿಯೆ, ವೆಟಾಮುನಾನ ಹೆಂಡತಿ, ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದಳು. ಆ ಮಕ್ಕಳ ಮುಂದೆ ಬಾಯಿ ಬರಲಿಲ್ಲ. ಮೂರನೇ ದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತು. ಹಾಗೆ ದಿನಕ್ಕೊಂದು ಕಲ್ಲು ಬೀಳುತ್ತಾ ಹೋಗಿ ಬಾಯಿ ಮುಚ್ಚಿಹೋಯಿತು. ಊರವರು ತಮ್ಮ ಪಾಡಿಗೆ ತೀರ್ಪು ಕೊಟ್ಟಾಗಿತ್ತು: ಮುದುಕ ಕುರುಡ, ಹಟ ಬಿಡಲಿಲ್ಲ, ಒಬ್ಬನನ್ನು ತಿಂದ.

ಟಿಮೋಥಿಯಸ್ ಅದಕ್ಕೆ ಎದುರಾಡಲಿಲ್ಲ. ಶಿಬಿರ ಬಿಟ್ಟು ತಂಗಿಯೊಂದಿಗೆ ಊರಿನ ಮನೆಗೆ ಬಂದು ಮೇಕೆ ದೊಡ್ಡಿಯ ಪಕ್ಕ ಕುಳಿತ. ವಾರಕ್ಕೊಂದು ಸಲ ಸೌದೆ ಹೊರೆ ಹೊತ್ತು ಓಟಿಲಿಯೆಯ ಬಾಗಿಲ ಹತ್ತಿರ ಇಟ್ಟು, ಕರೆಯದೆ ವಾಪಸು ಬರುತ್ತಿದ್ದ. ಅವಳು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ, ಸೌದೆ ಉರಿಸಿದಳು. ಅವನು ನೆಲ ಮುಟ್ಟುವುದನ್ನೇ ಬಿಟ್ಟ. ಬಲಗೈ ಯಾವಾಗಲೂ ಕೋಟಿನ ಜೇಬಿನಲ್ಲಿ. ಒಂದು ಸಲ ಅವನ ಚಿಕ್ಕ ಮೇಕೆ ತಪ್ಪಿಸಿಕೊಂಡಾಗ, ಹೆಜ್ಜೆ ಅವನ ಕಾಲ ಬುಡದಲ್ಲೇ ಇದ್ದರೂ, ದಾರಿಯಲ್ಲಿ ಹೋಗುತ್ತಿದ್ದ ಹೆಂಗಸನ್ನು ಕೂಗಿ ಅದು ಎತ್ತ ಹೋಯಿತೆಂದು ಕೇಳಿದ. ಊಟ ಕಡಿಮೆಯಾಯಿತು. ಮಾತು ಇನ್ನೂ ಕಡಿಮೆಯಾಯಿತು. ಐದು ತಿಂಗಳಲ್ಲಿ ಅವನು ಕುಗ್ಗಿದ್ದನ್ನು ನೋಡಿದರೆ, ಹೀಗೇ ಬಿಟ್ಟರೆ ಅವನು ಇನ್ನೊಂದು ಬೇಸಿಗೆ ಕಾಣುವುದಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಜನವರಿಯಲ್ಲಿ ಶಿಬಿರದ ಯಜಮಾನ ಒಳ್ಳೆಯ ಮನಸ್ಸಿನಿಂದ ಹೇಳಿಕಳಿಸಿದ: ಕಾಡಿಗೆ ಬರುವುದು ಬೇಡ, ಹೊಸ ಕೆಲಸಗಾರರಿಗೆ ಹೆಜ್ಜೆ ಓದುವುದನ್ನು ಊರಲ್ಲೇ ಕೂತು ಕಲಿಸಿಕೊಡಲಿ. ಟಿಮೋಥಿಯಸ್, "ಸತ್ತ ಬೆರಳಿಂದ ಏನು ಕಲಿಸ್ಲಿ? ಇನ್ನೊಬ್ಬನನ್ನ ಕೊಲ್ಲೋದನ್ನ ಕಲಿಸ್ಲಾ?" ಎಂದು ಬಂದವನನ್ನು ಕಳಿಸಿಬಿಟ್ಟ. ಆ ಮಾತು ಹೆಲ್ಮಿನಾಳ ಕಿವಿಗೂ ಬಿತ್ತು. ಮಾರನೆಯ ಬೆಳಿಗ್ಗೆ ದೊಡ್ಡಿಯ ಹತ್ತಿರ ಹೋಗಿ ಅಣ್ಣನ ಎದುರು ನೆಲದ ಮೇಲೆ ಕುಳಿತಳು.

"ಅಣ್ಣ, ಅವತ್ತು ಮಂಜು ಎರಡು ಸಲ ಬಂದಿತ್ತು."

ಅವನು ತಲೆ ಎತ್ತಿದ.

"ನೀನು ಮಲಗುವಾಗ ಬಂದದ್ದು ಹೋಯ್ತು. ನಾನು ರೊಟ್ಟಿ ಪಾತ್ರೆ ಕೆಂಡದ ಮೇಲೆ ಇಟ್ಟಾಗ ಇನ್ನೊಂದು ಸಲ ಬಂತು. ನೆಲ ಹಿಡ್ಕೊಂಡು."

"ಎಷ್ಟು ಹೊತ್ತು ನಿಂತಿತ್ತು?"

"ರೊಟ್ಟಿ ಬೇಯೋಷ್ಟು ಹೊತ್ತು."

"ಹನಿ?"

"ಸೌದೆ ಮೇಲೆ ಹನಿ ನಿಂತಿತ್ತು. ಬೆಂಕಿ ಊದಿ ಊದಿ ಸಾಕಾಗಿ ಹೋಯ್ತು."

ಟಿಮೋಥಿಯಸ್‌ನ ಬಲಗೈ ಜೇಬಿನಿಂದ ಹೊರಗೆ ಬಂತು. ಐದು ತಿಂಗಳ ನಂತರ ಆ ಬೆರಳು ನೆಲಕ್ಕಿಳಿದು ಮರಳಿನಲ್ಲಿ ಒಂದು ಸಣ್ಣ ಗುಳಿ ಮಾಡಿತು, ಅದರ ಅಂಚು ಸವರಿತು. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುವವನಂತೆ. "ಹಾಗಿದ್ರೆ ಎರಡು ಮಂಜಿನ ನಡುವೆ ಬಂದಿರ್ಬೇಕು. ಒಳಗೂ ಹೆಪ್ಪು ಕಟ್ಟುತ್ತೆ. ಅಂಚು ಮುಚ್ಚಿಹೋಗುತ್ತೆ. ಹಾಗಿದ್ರೆ..." ಎಂದ. ಮುಖದ ಮೇಲೆ ಏನೋ ಹತ್ತಿಕೊಂಡಿತು. ದೇವರೇ, ನನ್ನನ್ನು ಹೊಡೆಯಲಿ, ಒದೆಯಲಿ, ಜೀವಮಾನವೆಲ್ಲ ಮಾತು ಬಿಡಲಿ, ನಂಬಿದರೆ ಸಾಕು ಎಂದುಕೊಂಡಳು ಹೆಲ್ಮಿನಾ.

"ಅವತ್ತು ಯಾಕೆ ಹೇಳ್ಲಿಲ್ಲ?"

"ನಿನ್ನ ಮೇಲೆ ಕೋಪ ಇತ್ತು. ಅವರ ಕಥೆ ಹೇಳಿ ನಗಿಸಿದ್ಯಲ್ಲ, ಅದಕ್ಕೆ. ಖಾಲಿ ಅಂದುಬಿಟ್ಟೆ."

ಟಿಮೋಥಿಯಸ್ ಅವಳನ್ನೇ ನೋಡಿದ. ನೋಡುತ್ತಾ ನೋಡುತ್ತಾ ಮುಖದ ಮೇಲೆ ಹತ್ತಿಕೊಂಡದ್ದು ಆರಿಹೋಯಿತು. ನಕ್ಕ, ಪ್ರೀತಿಯಿಂದಲೇ ನಕ್ಕ. ಮರಳಿನ ಗುಳಿಯನ್ನು ಅಂಗೈಯಿಂದ ಸವರಿ ಸಮ ಮಾಡಿದ.

"ಎಷ್ಟು ದಿನ ಕೂತು ಕಟ್ಟಿದೆ ಇದನ್ನ?"

"ಅಣ್ಣ, ನಿಜ. ಬೈಬಲ್ ಮುಟ್ಟಿ ಹೇಳ್ತೀನಿ."

"ಬೇಡ. ನನಗೋಸ್ಕರ ಸುಳ್ಳಾಣೆ ಹಾಕಿ ನೀನೂ ಹಾಳಾಗಬೇಡ." ಅವಳ ತಲೆಯ ಮೇಲೆ ಕೈಯಿಟ್ಟ. "ಹೆಲ್ಮಿ, ಗೊಟ್‌ಹಾರ್ಡ್ ಹೋದ ಬೆಳಿಗ್ಗೆ ನಾನು ಓಡಿ ಬಂದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಹೆಣ ಒಳಗಿತ್ತು. ಮೊದಲು ಏನು ಹೇಳಿದೆ ಗೊತ್ತಾ? ಮೂಡಲ ಗಾಳಿ, ಮಂಜಿಲ್ಲ, ನಾಯಿ ಒಂದು ಸಲ ಬೊಗಳ್ತು, ಅಂತ. ಆಮೇಲೆ ಅತ್ತೆ. ಅಂಥೋಳು ನೀನು ನನಗೆ ರಾತ್ರಿ ಮುಚ್ಚಿಡ್ತೀಯಾ? ಒಂದು ತಮಾಷೆಗೆ? ನನ್ನ ಬೆರಳು ಸುಳ್ಳು ಹೇಳಿರಬಹುದು. ನೀನು ಹೇಳಲ್ಲ."

"ಹೇಳಿದೆ ಅಣ್ಣ! ಹೇಳಿದೆ ಅಂತ ಹೇಳ್ತಾ ಇದ್ದೀನಲ್ಲ!"

"ಏಳು, ಬಿಸಿಲು ಬಂತು," ಎಂದ ಅವನು, ಮಗುವಿಗೆ ಹೇಳುವಂತೆ.

ಹೆಲ್ಮಿನಾ ಅಲ್ಲಿಂದ ನೇರ ಓಟಿಲಿಯೆಯ ಮನೆಗೆ ಹೋಗಿ ಹೇಳಿದಳು. ಓಟಿಲಿಯೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಕೊನೆಯವರೆಗೆ ಕೇಳಿ, ಸೋಪಿನ ಕೈ ಒರೆಸಿಕೊಂಡು, ಮೊದಲ ಸಲ ಅತ್ತಳು. "ನಿಮ್ಮಣ್ಣನ ಮೇಲೆ ನನಗೆ ಸಿಟ್ಟಿಲ್ಲಮ್ಮ, ಹೋಗಿ ಹೇಳಿ. ನನಗೂ ನಿಮ್ಮಂಥ ಒಬ್ಬ ತಂಗಿ ಇದ್ದಿದ್ರೆ ಚೆನ್ನಾಗಿತ್ತು" ಎಂದಳು. ಹೆಲ್ಮಿನಾ ಪಾದ್ರಿಯ ಹತ್ತಿರ ಹೋದಳು. ಆತ ಅವಳ ಕೈ ಹಿಡಿದು, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದು ದೊಡ್ಡ ಗುಣ, ಆದರೆ ಸತ್ಯ ಬಿಡಬಾರದು ಎಂದು ಬುದ್ಧಿ ಹೇಳಿದ. ಬೇಟೆಯವರ ಕಚೇರಿಗೂ ಹೋದಳು, ಐದು ತಿಂಗಳ ಹಿಂದಿನ ಮಂಜನ್ನು ಬರೆದುಕೊಳ್ಳಲು ಅವರ ಕಾಗದದಲ್ಲಿ ಜಾಗವಿರಲಿಲ್ಲ.

ಟಿಮೋಥಿಯಸ್ ಜೂನ್ ತಿಂಗಳಲ್ಲಿ ಹೋದ. ಕಾಯಿಲೆಯೇನೂ ಇರಲಿಲ್ಲ. ಮಣ್ಣಿಗೆ ಬಂದವರು ಅವನ ಬಗ್ಗೆ ಹೆಚ್ಚು ಆಡಲಿಲ್ಲ, ಆಡಿದ್ದೆಲ್ಲ ಹೆಲ್ಮಿನಾಳ ಬಗ್ಗೆ. ಅಣ್ಣನ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಳ್ಳಲು ಹೋದವಳು, ತಂಗಿ ಅಂದರೆ ಹಾಗಿರಬೇಕು ಎಂದು ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸಿದರು. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಈಗ ಸೆಸ್‌ಫಾಂಟೇನಿನಲ್ಲಿ ಅವಳನ್ನು ಕಂಡರೆ ಜನ ಎದ್ದು ನಿಂತು ಜಾಗ ಬಿಡುತ್ತಾರೆ, ಅವಳು ತಲೆ ತಗ್ಗಿಸಿಕೊಂಡು ಕೂರುತ್ತಾಳೆ.